ಸಣ್ಣ ದೋಣಿ, ದೊಡ್ಡ ದೋಣಿ ಮತ್ತು ಬೆಣ್ಣಿಹಳ್ಳ

ಮೋಟಾರು ದೋಣಿ ಕೊಳ್ಳುವ ಚಿಂತೆ ನವಲಗುಂದದಂಥ ಬಯಲಿನಲ್ಲಿ ಕೂತವನಿಗೆ ಬರಬಾರದು. ನನಗೆ ಬಂದಿದೆ. ಕಾರವಾರದ ವ್ಯಾಪಾರಿಯೊಬ್ಬ ಎರಡು ಹಳೆಯ ದೋಣಿಗಳ ಚಿತ್ರ ಕಳಿಸಿದ್ದಾನೆ. ಎರಡಕ್ಕೂ ಒಂದೇ ನೀಲಿ ಬಣ್ಣ, ಒಂದೇ ಮೂತಿ. ಒಂದರಲ್ಲಿ ಇಬ್ಬರು ಕೂರಬಹುದು, ಇನ್ನೊಂದರಲ್ಲಿ ಎಂಟು ಮಂದಿ. ಊಟಕ್ಕೆ ಕೂತಾಗ ಸಣ್ಣದು ಸಾಕೆನಿಸುತ್ತದೆ, ಕೈ ತೊಳೆಯುವಷ್ಟರಲ್ಲಿ ದೊಡ್ಡದೇ ಸರಿ ಎನಿಸುತ್ತದೆ.

ಕಾರಣ ಬೆಣ್ಣಿಹಳ್ಳ. ಬೇಸಿಗೆಯಲ್ಲಿ ಮಕ್ಕಳೂ ದಾಟುವ ಈ ಹಳ್ಳ, ಮೇಲಿನ ಸೀಮೆಯಲ್ಲಿ ಮಳೆಯಾದರೆ ನಮ್ಮಲ್ಲಿ ಬಿಸಿಲಿರುವಾಗಲೇ ಉಕ್ಕಿ ಬರುತ್ತದೆ. ಆಚೆ ದಂಡೆಯ ಹೊಲದ ಮನೆಯಲ್ಲಿ ನನ್ನ ಅಕ್ಕ, ಅವಳ ಗಂಡ ನಮ್ಮ ಮಾವ, ಒಂದು ಎಮ್ಮೆ. ಹೋದ ವರ್ಷ ನೀರು ಬಂದಾಗ ಅವಳು ಆ ದಂಡೆಯಲ್ಲಿ, ನಾನು ಈ ದಂಡೆಯಲ್ಲಿ. ಕೂಗಿದ್ದು ಕೇಳಿಸಲಿಲ್ಲ, ಫೋನು ಹತ್ತಲಿಲ್ಲ. ಅವಳು ಕೈ ಬೀಸುತ್ತಲೇ ಇದ್ದಳು. ನಾನೂ ಬೀಸಿದೆ. ನಿಜಕ್ಕೂ ಹೆದರಿದ್ದೆ. ಈ ಮಳೆಗಾಲ ಮತ್ತೆ ಹಾಗೆ ನಿಲ್ಲಲಾರೆ.

ಭಜನೆಗೆ ಕೂತಾಗ ಭವಸಾಗರ ದಾಟಿಸೆಂದು ಎಲ್ಲರೂ ಹಾಡುತ್ತೇವೆ, ದೋಣಿಯ ಅಳತೆಯನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಗಣಿತದ ಮಾಸ್ತರನಾದ ನಾನೇ ಲೆಕ್ಕ ಹಾಕಿದೆ: ಅಕ್ಕ, ಮಾವ, ನಾನು, ಗಂಟುಮೂಟೆ, ಜೋಳದ ಚೀಲ. ದೊಡ್ಡದೇ ಬೇಕು. ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಮಳಿಗಾಲದಾಗ ಎರಿ ಹೊಲದಾಗ ಕಾಲಾಗಿನ ಚಪ್ಪಲಿ ಎತ್ತಾಕ ಬರೂದಿಲ್ಲ. ಅಷ್ಟ ದೊಡ್ಡದನ್ನ ಹಳ್ಳದ ತನಕ ಯಾರು ಹೊರತಾರ್ರಿ?"

ಕಾಲಿಗೆ ಅಂಟಿಕೊಳ್ಳುವ ನಮ್ಮ ಎರಿಯ ಕರಿ ಮಣ್ಣಿನ ಗುಣ ಹುಟ್ಟಿದಾಗಿನಿಂದ ಬಲ್ಲೆ. ಆದರೂ ದೋಣಿ ತಾನಾಗಿಯೇ ನೀರಿನ ಮೇಲಿರುತ್ತದೆಂದು ನಂಬಿಕೊಂಡಿದ್ದೆ.

ತಳಮಳ ತಾಳದೆ ನಿನ್ನೆ ಒಣ ಹಳ್ಳ ದಾಟಿಹೋಗಿ ಎರಡೂ ಚಿತ್ರಗಳನ್ನು ಅಕ್ಕನಿಗೇ ತೋರಿಸಿದೆ. ಮೊಬೈಲು ದೂರ ಹಿಡಿದು ನೋಡಿದಳು.

"ಇದರಾಗ ಎಮ್ಮಿ ಹಿಡಸ್ತೈತೇನು?"

"ಎರಡರಾಗೂ ಇಲ್ಲಕ್ಕಾ."

"ಮತ್ತ ಎಮ್ಮಿ ಬಿಟ್ಟು ನಾವ್ಯಾಕ ಬರೂಣು? ಮನಿ ಎತ್ತರಕ್ಕೈತಿ, ನೀರು ಇಲ್ಲಿ ತನಕ ಬರೂದಿಲ್ಲ. ನೀನ ಬಾ. ಹೋದ ವರ್ಷ ರೊಟ್ಟಿ ಮಾಡಿಟ್ಟು ಕೈ ಮಾಡಿ ಮಾಡಿ ಕರದೆ. ನೀ ತಿರುಗಿ ಕೈ ಮಾಡಿ ಹೊಂಟುಹೋದಿ."

ಕರೆತರುವ ಸೀಟುಗಳನ್ನೇ ಎಣಿಸಿದ್ದೆ. ಹೋಗಿ ಅಲ್ಲೇ ಉಳಿಯುವವನನ್ನು ಎಣಿಸಿರಲಿಲ್ಲ.

ಸಣ್ಣದಕ್ಕೆ ಹೇಳಿಬಿಟ್ಟೆ. ತಳಮಳ ಮಾತ್ರ ಹೋಗಿಲ್ಲ. ಮೇಲಿನ ಸೀಮೆಯ ಕಡೆ ಮೋಡ ಕಂಡರೆ ಮೊದಲೂ ಅಂಗಳಕ್ಕೆ ಬಂದು ನಿಲ್ಲುತ್ತಿದ್ದೆ, ಈಗಲೂ ನಿಲ್ಲುತ್ತೇನೆ. ಆಗ ಮಳೆ ಬಾರದಿರಲಪ್ಪ ಎನ್ನುತ್ತಿದ್ದೆ. ಈಗ ಏನೆನ್ನುತ್ತೇನೆಂದು ಹೆಂಡತಿಗೆ ಹೇಳಿಲ್ಲ.