ಕಂಡಿಕಿಗೆ ಸುತ್ತಿದ ಪುಸ್ತಕ

ನೀಲಾ,

ನಿನ್ನ ಇತಿಹಾಸದ ಪುಸ್ತಕ ಹರಿದದ್ದು ನಾನು. ಗೊತ್ತಿಲ್ಲದೆ ಹರಿಯಲಿಲ್ಲ. ರಟ್ಟಿನ ಮೇಲಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಅದು ಯಾರದು, ಯಾವ ಪರೀಕ್ಷೆಗೆ ಬೇಕಾದದ್ದು ಎಂದು ಪೂರಾ ತಿಳಿದುಕೊಂಡೇ ಹರಿದೆ. ಆಮೇಲೆ ನಿನ್ನ ಎದುರಿಗೇ ನಿಂತು ನನಗೆ ಓದಲು ಬರುವುದಿಲ್ಲ ಎಂದೆ. ಹರಿದದ್ದು ಒಂದು ಮಧ್ಯಾಹ್ನದ ಕೆಲಸ. ಈ ಸುಳ್ಳನ್ನು ಮಾತ್ರ ನಲವತ್ತು ವರ್ಷ ನಡೆಸಿದೆ.

ಇವತ್ತೇ ಯಾಕೆ ಬರೆಯುತ್ತಿದ್ದೇನೆ ಅಂದರೆ — ನಗಬೇಡ — ಸಂತೋಷ ತಡೆಯಲಾರದೆ ಬರೆಯುತ್ತಿದ್ದೇನೆ. ಹಾಲು ಉಕ್ಕಿದಾಗ ಒಲೆಯೊಳಗಿನ ಬೂದಿಯೆಲ್ಲ ಎದ್ದು ಬರುತ್ತದಲ್ಲ, ಹಾಗೆ ಆಗಿದೆ ನನಗೆ.

ನನ್ನ ಮೊಮ್ಮಗಳು ಶೈಲಾ, ದೊಡ್ಡವನ ಮಗಳು, ಈಗ ಎಂಟನೆಯ ಇಯತ್ತೆ. ಸಂಜೆ ಸಾಲಿ ಬಿಟ್ಟ ಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ಹೆಂಗಸರಿಗೆ ಅಕ್ಷರ ಕಲಿಸುತ್ತಾಳೆ. ಮೊದಲ ದಿನ ನನ್ನನ್ನೇ ಕೈ ಹಿಡಿದು ಎಳೆದು ಮುಂದೆ ಕೂಡಿಸಿದಳು. "ಆಯಿ, ಇದು 'ಅ' ನೋಡ. ಹೋಳಿಗಿ ತಿಂದು ಹೊಟ್ಟಿ ಉಬ್ಬಿದಂಗ ಐತಿ" ಎಂದಳು. ನಾನು ನಕ್ಕೆ. ಕೈ ನಡುಗಿದಂತೆ ಮಾಡಿ, ಬೇಕೆಂದೇ ಸೊಟ್ಟಗೆ ಬರೆದೆ. ಎರಡು ವಾರ ಹಾಗೆ ಸೊಟ್ಟ ಬರೆದೆ ನೀಲಾ. ಆಮೇಲೆ ನನ್ನಿಂದ ತಾಳಲಾಗಲಿಲ್ಲ. ಬೆರಳು ತಾವೇ ಓಡಿದವು.

ಹೋದ ವಾರ ಸಾಲಿಯಲ್ಲಿ ಸಣ್ಣದೊಂದು ಸಭೆ ಮಾಡಿದರು. ಶೈಲಾ ನನ್ನ ಕೈಯಲ್ಲಿ ಪುಸ್ತಕ ಕೊಟ್ಟಳು. ನಾನು ಎದ್ದು ನಿಂತು ಓದಿದೆ — ಜೋರಾಗಿ, ಮಂದಿ ಎದುರು, ಹೆದರದೆ! ನನ್ನ ದನಿಯಲ್ಲಿ ಅಕ್ಷರ ಹೇಗೆ ಕೇಳುತ್ತವೆ ಎಂದು ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ. ಒಂದು ಪುಟ ಓದು ಅಂದರೆ ಮೂರು ಓದಿದೆ. ಗುರುಗಳು "ಸಾಕ್ರೀ ಆಯಿ, ಉಳಿದವರೂ ಓದಬೇಕಲ್ರೀ" ಎಂದರು. ಚಪ್ಪಾಳೆ ಅಂದರೆ ಚಪ್ಪಾಳೆ. ಶೈಲಾ ನನ್ನ ಕೊರಳಿಗೆ ಜೋತುಬಿದ್ದು, "ಒಂದ ತಿಂಗಳದಾಗ ಕಲತಾಳ ನಮ್ಮ ಆಯಿ! ಭಾಳ ಶಾಣ್ಯಾ ಇದ್ದಿ ಬೇ ನೀ!" ಎಂದು ಕುಣಿದಳು.

ಮನೆಗೆ ಬಂದ ಮೇಲೆ ಕಾಗದ, ಪೆನ್ನು ತಂದಿಟ್ಟಳು. "ಈಗ ನಿನ್ನ ಜನ್ಮದಾಗಿನ ಮೊದಲನೇ ಕಾಗದ ಬರಿ. ಯಾರಿಗಿ ಬರಿತಿ?"

ನನ್ನ ಬಾಯಿಂದ ಬಂದುಬಿಟ್ಟಿತು — "ಚಿಮ್ಮಡದ ನೀಲಾಗ."

"ನೀಲಾ ಆಯಿಗೇನ? ಅಯ್ಯ, ಆಕೀಗಿ ಓದಾಕ ಎಲ್ಲಿ ಬರತೈತಿ? ಆಕೀನೂ ಹೆಬ್ಬೆಟ್ಟ ಅಲ್ಲ? ನಮ್ಮ ಮನಿತನದಾಗ ಸಾಲಿ ಕಲತ ಮೊದಲನೇ ಹೆಣಮಗಳು ನಾನ ನೋಡ."

ಹುಡುಗಿಯ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತು ಅಂತೀ. ನನ್ನ ಸಂತೋಷ ಅಲ್ಲೇ ಅರ್ಧಕ್ಕೆ ನಿಂತಿತು.

ಈ ಕಾಗದ ಶೈಲಾ ಕೂಡ ಓದುತ್ತಾಳೆ. ಅದಕ್ಕೆ ನಿನಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ. ಸಿಟ್ಟಾಗಬೇಡ.

ನಾನು ಮುಧೋಳದಿಂದ ಬನಹಟ್ಟಿಗೆ ನಿಮ್ಮ ಮನೆಯ ಸೊಸೆಯಾಗಿ ಬಂದಾಗ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು. ನಿಮ್ಮಪ್ಪ ಮಾತ್ರ ರಾಜರ ಫೋಟೋವನ್ನು ಮಗ್ಗದ ಕೋಣೆಯಿಂದ ಇಳಿಸಿರಲಿಲ್ಲ. ನೀನು ನನ್ನ ಗಂಡನ ತಂಗಿ, ನನಗಿಂತ ಎರಡು ವರ್ಷಕ್ಕೆ ಸಣ್ಣವಳು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಡಿಸಿದ್ದರು. ಹೊಲಿಗೆ ಕಲಿಯುವ ನೆಪ ಹೇಳಿ ನೀನು ಸಾಲಿ ಕಲಿಸುವ ಅಕ್ಕೋರ ಮನೆಗೆ ಹೋಗುತ್ತಿದ್ದೆ. ಅಲ್ಲಿ ಹೊಲಿಗೆಯೂ ಇಲ್ಲ, ಸೂಜಿಯೂ ಇಲ್ಲ. ಅಕ್ಕೋರು ನಿನ್ನನ್ನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಮುಲ್ಕಿ ಪಾಸಾದರೆ ನೀನೂ ಅಕ್ಕೋರು ಆಗಬಹುದಿತ್ತು. ಇದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು.

ಪುಸ್ತಕಗಳನ್ನು ನೀನು ನನ್ನ ಟ್ರಂಕಿನಲ್ಲಿ ಇಡುತ್ತಿದ್ದೆ. ಸೊಸೆಯ ತವರಿನ ಟ್ರಂಕು — ಅದಕ್ಕೆ ಯಾರೂ ಕೈ ಹಾಕುವುದಿಲ್ಲ ಎಂದು ನಿನ್ನ ಧೈರ್ಯ. ನನ್ನ ಧಾರೆ ಸೀರೆಯ ಕೆಳಗೆ ನಿನ್ನ ಪುಸ್ತಕ. ಅದರ ಬಾಡಿಗೆಯಾಗಿ ನನಗೆ ಅಕ್ಷರ ಕಲಿಸಿದೆ. ರೊಟ್ಟಿ ಬಡಿಯುವಾಗ ಹರವಿದ ಹಿಟ್ಟಿನಲ್ಲಿ ಬೆರಳಿಂದ ಬರೆಯುವುದು. ನಿಮ್ಮವ್ವನ ಕಾಲುಂಗುರದ ಸಪ್ಪಳ ಕೇಳಿತೋ, ಅಕ್ಷರದ ಮೇಲೆ ಹಿಟ್ಟಿನ ಮುದ್ದೆ ಇಟ್ಟು ಪಟಪಟ ಬಡಿಯುವುದು. ಎಷ್ಟು ಅಕ್ಷರ ತಿಂದರೋ ನಿಮ್ಮ ಮನೆಯ ಗಂಡಸರು!

ಆ ಇತಿಹಾಸದ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಹಿಂದಿನ ರಾಜರ ಮುದ್ರೆ, ಅದರ ಮೇಲೆ ಹಂದಿ. ನಾನು ಅಸಹ್ಯಪಟ್ಟೆ. "ಹಂದಿ ಅಲ್ಲ ವೈನಿ, ವರಾಹ. ನಮ್ಮ ಬದಾಮಿ ಕಡೆ ರಾಜರ ಗುರತ ಅದು" ಎಂದೆ ನೀನು.

"ಅವರಿಗಿ ವರಾಹ. ನಮ್ಮ ಗುರತ ಏನ ಬೇ?"

ನೀನು ನನ್ನ ಹೆಬ್ಬೆರಳು ಹಿಡಿದು ಹಿಟ್ಟಿನಲ್ಲಿ ಒತ್ತಿದೆ. "ಇದ ನೋಡ. ರಾಜರಿಗೆ ಮುದ್ರಿ, ನಮಗ ಹೆಬ್ಬೆಟ್ಟ."

"ಇಷ್ಟ ದೊಡ್ಡ ಪುಸ್ತಕದಾಗ ನೇಕಾರರದ ಏನರ ಬರದಾರೇನ?"

"ರಾಣಿ ರೇಶಿಮಿ ಸೀರಿ ಉಟ್ಟಿದ್ಲಂತ ಬರದಾರ. ನೇದಾವ ಯಾರು, ಕಂಡಿಕಿಗೆ ನೂಲ ಸುತ್ತಿದಾಕಿ ಯಾರು — ಅದಿಲ್ಲ. ನಾ ಅಕ್ಕೋರ ಆದ ಮ್ಯಾಲೆ ಬರಿತೀನಿ."

"ನನ್ನ ಹೆಸರೂ ಹಾಕ ಮತ್ತ."

"ನಿನ್ನ ಹೆಸರ ನೀನ ಬರಕೋ ವೈನಿ. ಅದಕ್ಕ ಕಲಸಾಕತ್ತೇನಿ."

ಅವತ್ತೇ ನನ್ನ ಹೆಸರು ಬರೆದೆ. ಸಂಗವ್ವ. ಹಿಟ್ಟಿನಲ್ಲಿ ಬರೆದದ್ದನ್ನು ಅಳಿಸಲು ಮನಸ್ಸಾಗಲಿಲ್ಲ.

ಅಕ್ಷರ ಬಂದ ಸೊಕ್ಕಿಗೆ ನಾನು ಒಂದು ಕಾರ್ಡು ಬರೆದೆ, ತವರಿಗೆ. ಏನೇನೋ ಕ್ಷೇಮಸಮಾಚಾರ, ನಡುವೆ ಒಂದು ಮಾತು — ಅತ್ತಿ ನನಗೆ ರೊಟ್ಟಿ ಎಣಿಸಿ ಕೊಡುತ್ತಾಳೆ ಅಂತ. ನೀನು ಓದಿದೆ, ಒಂದು ಒತ್ತಕ್ಷರ ತಿದ್ದಿದೆ, ಅಕ್ಕೋರ ಮನೆಗೆ ಹೋಗುವಾಗ ಟಪಾಲಿನ ಪೆಟ್ಟಿಗೆಗೆ ಹಾಕಿದೆ. ಹದಿನೈದು ದಿನ ಆಗಿರಲಿಲ್ಲ. ನಿಮ್ಮವ್ವ ಒಂದು ದಿನ ಮಗ್ಗದವರು, ನೆರೆಯವರು, ಎಲ್ಲರ ಎದುರಿಗೆ ರೊಟ್ಟಿಯ ಬುಟ್ಟಿಯನ್ನೇ ನನ್ನ ಮುಂದೆ ಬೋರಲು ಹಾಕಿದಳು. "ತಿನ್ನ! ನಾ ಎಣಿಸಿ ಕೊಡತೀನಂತ ಮುಧೋಳದಾಗ ಡಂಗರಾ ಹೊಡಸೀ ಅಲ್ಲ? ತಿನ್ನ ಇವತ್ತ, ಎಣಿಕಿ ಇಲ್ಲದ ತಿನ್ನ!"

ನಾನು ಬರೆದ ಮಾತು, ನಾನು ಬರೆದಂತೆಯೇ. ಅದನ್ನು ಓದಿದವಳು ಈ ಮನೆಯಲ್ಲಿ ನೀನೊಬ್ಬಳೇ. ನೀನೇ ಹೇಳಿದ್ದೀ ಎಂದುಕೊಂಡೆ. ಎಷ್ಟಾದರೂ ತಾಯಿ ಮಗಳು, ನಾನು ಹೊರಗಿನವಳು — ನನ್ನ ಅಕ್ಷರವೇ ನನಗೆ ಎರಡು ಬಗೆದಂತಾಯಿತು. ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಹಿಟ್ಟಿನ ಹತ್ತಿರ ನೀನು ಬಂದು ಕೂತರೆ ಎದ್ದು ಹೋದೆ. "ಯಾಕ ವೈನಿ?" ಎಂದು ನೀನು ಎರಡು ಸಲ ಕೇಳಿದ್ದು ನೆನಪಿದೆ.

ಪಂಚಮಿ ಮುಂದೆ ಬಂದಿತ್ತು. ಸೀರೆಯ ಅವಸರ. ಲಾಳಿಯೊಳಗೆ ಇಡುವ ಕಂಡಿಕಿಗೆ ಕಡ್ಡಿ ಸಾಲಲಿಲ್ಲ. ಕಡ್ಡಿ ಇಲ್ಲದಾಗ ನಾವು ಹಳೆಯ ಕಾಗದವನ್ನು ಬಿಗಿಯಾಗಿ ಸುರುಳಿ ಮಾಡಿ, ಗಂಜಿ ಹಚ್ಚಿ ಒಣಗಿಸಿ, ಅದರ ಮೇಲೆ ನೂಲು ಸುತ್ತುತ್ತಿದ್ದೆವು. "ಹಳೇ ಕಾಗದ ಇದ್ರ ಕೊಡರಿ ಬೇ ಯಾರರ" ಎಂದು ನಿಮ್ಮವ್ವ ಒಳಗಿನಿಂದ ಕೂಗಿದಳು. ನೀನು ಅಕ್ಕೋರ ಮನೆಗೆ ಹೋಗಿದ್ದೆ.

ನಾನು ಟ್ರಂಕು ತೆಗೆದೆ.

ಮೊದಲು ರಟ್ಟು ಕಿತ್ತು ಒಲೆಗೆ ಹಾಕಿದೆ, ಗುರುತು ಸಿಗಬಾರದು ಎಂದು. ಆಮೇಲೆ ಪುಟ. ಒಂದೊಂದಾಗಿ ಹರಿದು, ಮೊಳಕಾಲ ಮೇಲೆ ಸುತ್ತಿ, ಗಂಜಿ ಹಚ್ಚಿ ಬಿಸಿಲಿಗೆ ಸಾಲಾಗಿ ಇಟ್ಟೆ. ವರಾಹದ ಪುಟ ಕೈಗೆ ಬಂದಾಗ ಒಂದು ಗಳಿಗೆ ನಿಂತೆ — ನಿಂತೆ ಅಷ್ಟೆ. ಅದನ್ನೂ ಸುತ್ತಿದೆ.

ನೀನು ಬಂದೆ. ರಾಟಿಯ ಮುಂದೆ ಕೂತೆ. ಮೊದಲನೆಯ ಕಂಡಿಕಿ ಕೈಯಲ್ಲಿ ಹಿಡಿದೆ. ಸುರುಳಿಯ ಅಂಚಿನಲ್ಲಿ ಅರ್ಧ ಸಾಲು ಕಾಣುತ್ತಿತ್ತು. ಇನ್ನೊಂದು ಎತ್ತಿ ನೋಡಿದೆ. ಮತ್ತೊಂದು.

"ವೈನೀ... ಇದು..."

ನಿಮ್ಮವ್ವ ಅಲ್ಲೇ ಇದ್ದಳು. ನಾನು ತಲೆ ಎತ್ತಿ, ನಿನ್ನ ಕಣ್ಣಿಗೆ ಕಣ್ಣು ಕೊಟ್ಟು ಹೇಳಿದೆ — "ನನಗೇನ ಗೊತ್ತವ್ವಾ? ನಾ ಓದಾಕ ಬಲ್ಲೆನೇನ? ಕಾಗದ ಅಂದ್ರ ಕಾಗದ."

ನೀನು ಆಗ ಒಂದು ಮಾತು ಅಂದಿದ್ದರೆ ಆಗಿತ್ತು. "ಆಕೀಗಿ ಬರತೈತಿ, ನಾನ ಕಲಿಸೇನಿ" — ಅಷ್ಟೇ. ನೀನು ನನ್ನನ್ನು ನೋಡಿದೆ. ಬಹಳ ಹೊತ್ತು ನೋಡಿದೆ. ಆಮೇಲೆ ಕಂಡಿಕಿಯನ್ನು ರಾಟಿಗೆ ಏರಿಸಿ ನೂಲು ಸುತ್ತತೊಡಗಿದೆ. ನಾನು ನಿನ್ನ ಗುಟ್ಟು ಬಯಲಿಗೆ ಹಾಕಿದ ಗಳಿಗೆಯಲ್ಲೇ ನೀನು ನನ್ನ ಗುಟ್ಟು ಮುಚ್ಚಿದೆ.

ಮುಂದಿನದು ನಿನಗೆ ಗೊತ್ತು, ಶೈಲಾಗೆ ಗೊತ್ತಿಲ್ಲ. ಮಗ್ಗದವರಲ್ಲಿ ಓದು ಬಲ್ಲವನೊಬ್ಬ ಸುರುಳಿ ಬಿಚ್ಚಿ ನೋಡಿದ, ಪುಸ್ತಕ ಸಾಲಿಯದು ಎಂದು ಹೊರಬಿತ್ತು. ಹೊಲಿಗೆಯ ನೆಪ, ಮುಲ್ಕಿ, ಎಲ್ಲ ಹೊರಬಿತ್ತು. ಅಕ್ಕೋರು ಬಾಗಿಲಿಗೆ ಬಂದು ಕೈಮುಗಿದು ಕೇಳಿಕೊಂಡರು. "ನಮ್ಮ ಹುಡುಗಿ ಓದಿ ಯಾರನ ಸಾಕಬೇಕಾಗಿಲ್ರೀ, ನೀವ ಹೋಗರಿ" ಎಂದಳು ನಿಮ್ಮವ್ವ. ಪರೀಕ್ಷೆಗೆ ಇನ್ನೂ ಸಮಯವಿತ್ತು. ಅದಕ್ಕಿಂತ ಮೊದಲು ಚಿಮ್ಮಡದವರು ಬಂದು ಹೆಣ್ಣು ನೋಡಿ ಹೋದರು, ನಿನ್ನ ಮದುವೆಯೂ ಆಯಿತು. ಅಲ್ಲಿಯ ತನಕ ಆ ಕಂಡಿಕಿಗಳಿಗೆ ನೂಲು ಸುತ್ತಿದವಳು ನೀನೇ. ನೂಲು ಮುಗಿದ ಸುರುಳಿ ಒಲೆಗೆ ಹೋಗುತ್ತಿತ್ತು. ಆ ಸೀರೆಗಳನ್ನು ಯಾವ ಊರಲ್ಲಿ ಯಾರು ಉಟ್ಟರೋ — ಅವರ ಮೈಮೇಲೆ ಯಾರ ಇತಿಹಾಸ ಇತ್ತು ಎಂದು ಅವರಿಗೇನು ಗೊತ್ತು?

ಮುಂದಿನ ಪಂಚಮಿಗೆ ನಾನು ತವರಿಗೆ ಹೋದಾಗ ಅವ್ವ ನಕ್ಕೋತ ಹೇಳಿದಳು. "ನಿನ್ನ ಕಾರ್ಡ ಬಂದಿತ್ತ ನೋಡ. ನಮ್ಮ ಮನ್ಯಾಗ ಓದಾವ್ರ ಯಾರದಾರ? ಬನಹಟ್ಟಿಂದ ನೂಲಿನ ಸಾವಕಾರ ಬಂದಿದ್ದ, ಅವನ ಕಡಿಂದ ಓದಿಸಿದ್ವಿ. ಏನ ಛಂದ ಓದಿದ ಅಂತೀ! ಕಟ್ಟೀ ಮಂದಿ ಎಲ್ಲಾ ಕೇಳಿದ್ರು."

ಓದಲು ಬಾರದವರ ಮನೆಗೆ ನಾನು ಗುಟ್ಟು ಬರೆದಿದ್ದೆ. ಅದು ಕಟ್ಟೆಯ ಮೇಲೆ ಕೂಗಿಸಿಕೊಂಡು, ಸಾವಕಾರನ ಬಾಯಲ್ಲಿ ಕೂತು ಮರಳಿ ಬನಹಟ್ಟಿಗೆ ಬಂದಿತ್ತು. ನೀನು ಯಾರಿಗೂ ಏನೂ ಹೇಳಿರಲಿಲ್ಲ.

"ಯಾರ ಕಡಿಂದ ಬರಸಿದ್ದಿ?" ಎಂದಳು ಅವ್ವ. "ನೀಲಾನ ಕಡಿಂದ" ಎಂದೆ. ಹೆತ್ತವಳಿಗೂ ಹೇಳಲಿಲ್ಲ ನೋಡು. ಓದಲು ಬರುತ್ತದೆ ಎಂದು ಒಬ್ಬರಿಗೆ ಹೇಳಿದರೂ ಅವತ್ತಿನ ಮಾತು ಸುಳ್ಳಾಗುತ್ತದೆ. ಅದಕ್ಕೆ ಬಾಯಿ ಮುಚ್ಚಿಕೊಂಡೇ ಓದಿದೆ. ಕಿರಾಣಿ ಅಂಗಡಿಯಿಂದ ಸಕ್ಕರೆ ಕಟ್ಟಿ ಬಂದ ಕಾಗದ, ಬೆಲ್ಲ ಕಟ್ಟಿ ಬಂದ ಕಾಗದ — ಎಲ್ಲ ಓದಿ, ಮುದ್ದೆ ಮಾಡಿ ಒಲೆಗೆ ಹಾಕಿದೆ. ಯಾವ ಕಥೆಯ ಕೊನೆಯೂ ನನಗೆ ಸಿಗಲಿಲ್ಲ. ಬಸ್ಸಿನ ಬೋರ್ಡು ಕಣ್ಣೆದುರಿಗೆ ಇದ್ದರೂ "ಯಪ್ಪಾ, ಇದು ಎಲ್ಲಿಗಿ ಹೊಂಟೈತಿ?" ಎಂದು ಕೇಳಿದೆ. ನಿನ್ನ ಓದನ್ನು ನಿಮ್ಮವ್ವ ನಿಲ್ಲಿಸಿದಳು ಎನ್ನಬಹುದು, ನಾನು ಒಪ್ಪುವುದಿಲ್ಲ, ನಿಲ್ಲಿಸಿದವಳು ನಾನು. ನನ್ನ ಓದನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ. ಅದಕ್ಕೂ ನಾನೇ ಚಿಲಕ ಹಾಕಿಕೊಂಡೆ.

ಇನ್ನೊಂದು ಬರೆಯಬೇಕು. ಬರೆಯದಿದ್ದರೆ ಈ ಕಾಗದವೂ ಸುಳ್ಳು. ನಿಮ್ಮಪ್ಪ ಹೋದ ಮೇಲೆ ಮನೆಯ ಪಾಲು ಹಂಚುವ ವಾಟಣಿಗೆ ಜಮಖಂಡಿ ಕಚೇರಿಗೆ ಹೋಗಿದ್ದೆವು. ಕಾರಕೂನ ನಿನ್ನ ಕಡೆ ಕಾಗದ ಸರಿಸಿ, "ಸಹಿ ಬರತೈತೇನ್ರೀ ಬಾಯಾರ?" ಎಂದ. ನೀನು ನನ್ನ ಕಡೆ ತಿರುಗಿ ನೋಡಿದೆ. ಆ ಮಧ್ಯಾಹ್ನ ರಾಟಿಯ ಮುಂದೆ ನೋಡಿದ ಹಾಗೆಯೇ. ಆಮೇಲೆ, "ಇಲ್ರೀ" ಎಂದು ಹೆಬ್ಬೆರಳು ಮುಂದೆ ಮಾಡಿದೆ. ನಿನ್ನ ಪಕ್ಕದಲ್ಲಿ ನಾನೂ ಒತ್ತಿದೆ. ಎರಡು ಕಪ್ಪು ಗುರುತು. ಎರಡೂ ಸುಳ್ಳು. ನೀನು ಯಾಕೆ ಹಾಗೆ ಮಾಡಿದೆ — ನನ್ನನ್ನು ಹಂಗಿಸಲಿಕ್ಕೋ, ಅಥವಾ ಅಕ್ಷರವೇ ನಿನಗೆ ಬೇಡಾಗಿತ್ತೋ — ಇವತ್ತಿಗೂ ನನಗೆ ತಿಳಿದಿಲ್ಲ. ಕೇಳುವ ಮುಖ ನನಗೆ ಇರಲಿಲ್ಲ.

ಶೈಲಾ, ಈಗ ನಿನಗೆ. ನೀನು ಮೊದಲನೆಯವಳಲ್ಲ ಕೂಸೇ. ನಮ್ಮ ಮನೆತನದಲ್ಲಿ ಓದಿದ ಮೊದಲನೆಯ ಹೆಣ್ಣುಮಗಳು ನಿನ್ನ ನೀಲಾ ಆಯಿ. ನನಗೆ ಒಂದು ತಿಂಗಳಲ್ಲಿ ನೀನು ಕಲಿಸಲೂ ಇಲ್ಲ. ಆಕೆ ಹಿಟ್ಟಿನಲ್ಲಿ ಬರೆದು ಕಲಿಸಿದ್ದಳು. ಚಪ್ಪಾಳೆ ಆಕೆಯದು, ನಾನು ತೊಗೊಂಡೆ. ನೀನು ನನ್ನ ಮೇಲೆ ಸಿಟ್ಟಾಗು. ಆಗಬೇಕು.

ನೀಲಾ, ನೀನು ಹೇಳಿದ್ದೀ ಎಂದು ನಾನು ತಪ್ಪು ತಿಳಿದೆ ಅಂತ ಬರೆದೆನಲ್ಲ, ಅದನ್ನು ಕ್ಷಮೆಗೆ ಕಾರಣ ಅಂತ ಓದಬೇಡ. ನೀನು ಹೇಳಿದ್ದೇ ಖರೆ ಆಗಿದ್ದರೂ ಆ ಪುಸ್ತಕ ನನ್ನದಾಗಿರಲಿಲ್ಲ.

ಇದು ನನ್ನ ಜನ್ಮದ ಮೊದಲನೆಯ ಕಾಗದ ಅಂತ ಶೈಲಾ ತಿಳಿದಿದ್ದಳು. ಇದು ಎರಡನೆಯದು. ಮೊದಲನೆಯದನ್ನು ಟಪಾಲಿಗೆ ಹಾಕಿ ಮಂದಿಯ ಬಾಯಿಗೆ ಕೊಟ್ಟೆ. ಇದನ್ನು ಹಾಕುವುದಿಲ್ಲ, ನಾನೇ ತರುತ್ತೇನೆ. ನಿನಗೆ ಓದುವ ಮನಸ್ಸಿದ್ದರೆ ಓದು. ಒಲ್ಲೆ ಅಂದರೆ ನಿನ್ನ ಮನೆಯ ಅಂಗಳದಲ್ಲಿ, ನಿನ್ನ ಮಕ್ಕಳು ಸೊಸೆಯಂದಿರ ಎದುರು, ನಾನೇ ಜೋರಾಗಿ ಓದುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಓದುತ್ತೇನೆ.

ಸೋಮವಾರ ಮುಂಜಾನೆ ಹೊರಡುತ್ತೇನೆ. ಚಿಮ್ಮಡದ ಬಸ್ಸು ಯಾವುದು ಎಂದು ಯಾರನ್ನೂ ಕೇಳುವುದಿಲ್ಲ.

ಸಂಗವ್ವ