ಗುಡ್ಡೆಕೇರಿ ಕ್ರಾಸಿನ ಕುಷ್ಟಣ್ಣನ ಕೂಗು

ಬ್ರಹ್ಮಾವರ ದಾಟಿ ಸಾಸ್ತಾನದ ಟೋಲ್ ಬರುವ ಮೊದಲು ಸಿಗುವ ಗುಡ್ಡೆಕೇರಿ ಕ್ರಾಸಿನಲ್ಲಿ ಬಸ್ ಏಜೆಂಟ್ ಕುಷ್ಟಣ್ಣನ ಗಂಟಲು ಗೊತ್ತಿಲ್ಲದವರಿಲ್ಲ. ಆಳು ಸಣಕಲ, ಅವನ ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗ ಉಂಟು. ಆದರೆ ಬಾಯಿ ತೆರೆದನೋ, ಹೊಳೆಬದಿಯ ಕೊನೆಯ ಮನೆಯ ನಾಯಿಯೂ ಎದ್ದು ನಿಲ್ಲುತ್ತದೆ. ಹರೆಯದಲ್ಲಿ ಮುಂಬಯಿಯ ಹೋಟೆಲಿನಲ್ಲಿ "ದೋ ಮಸಾಲಾ, ಏಕ್ ಸಾದಾ" ಎಂದು ಅಡುಗೆಮನೆಗೆ ಕೂಗಿ ಕೂಗಿ ಹದಗೊಂಡ ಗಂಟಲದು. ಊರಿಗೆ ಬಂದ ಮೇಲೆ ಅದೇ ಗಂಟಲು ಅವನಿಗೆ ಖಾಸಗಿ ಬಸ್ಸುಗಳ ಏಜೆಂಟನ ಕೆಲಸ ಕೊಡಿಸಿತು.

ಗುಡ್ಡೆಕೇರಿಯವರು ಬಸ್ಸಿಗೆ ಕಾಯುವುದು ಕಿವಿಯಿಂದ. ರಸ್ತೆ ಬದಿಯಲ್ಲಿ ಬಿಸಿಲು ತಿನ್ನುತ್ತ ನಿಲ್ಲುವ ಜಾಯಮಾನ ಅವರದಲ್ಲ. ಒಬ್ಬರು ಹೋಟೆಲಿನಲ್ಲಿ ಚಾ ಕುಡಿಯುತ್ತಾರೆ, ಇನ್ನೊಬ್ಬರು ಭೋಜರಾಜನ ಅಂಗಡಿಯಲ್ಲಿ ಪಟ್ಟಾಂಗ ಹೊಡೆಯುತ್ತಾರೆ, ಮತ್ತೊಬ್ಬರು ಮನೆಯಲ್ಲಿ ಇನ್ನೂ ತಲೆ ಬಾಚುತ್ತಿರುತ್ತಾರೆ. ಕುಷ್ಟಣ್ಣ ಹೆದ್ದಾರಿಯ ಡಿವೈಡರ್ ತೆರೆದಿರುವ ಕಡೆ ನಿಂತು, ಬರುವ ಬಸ್ಸಿನ ಮೇಲೆ ಕಣ್ಣಿಟ್ಟು, "ಬ್ರಹ್ಮಾವರ, ಉಡ್ಪಿ ಉಡ್ಪಿ ಉಡ್ಪಿ! ಓಡಿ, ಬಸ್ ಬಂತ್!" ಎಂದನೆಂದರೆ ಮುಗಿಯಿತು, ಎಲ್ಲರೂ ಎದ್ದೆನೋ ಬಿದ್ದೆನೋ ಎಂದು ಓಟ. ಮನೆಗಳೆಲ್ಲ ರಸ್ತೆಯ ಪಡುಬದಿಗೆ, ಉಡುಪಿಯ ಬಸ್ಸು ನಿಲ್ಲುವುದು ಮೂಡುಬದಿಗೆ. ಬಸಳೆಸೊಪ್ಪಿನ ಕಟ್ಟು ಹೊತ್ತು ಬ್ರಹ್ಮಾವರಕ್ಕೆ ಹೋಗುವ ಗುಲಾಬಕ್ಕನಿಗೆ ಮೊಣಕಾಲು ನೋವು. ಆದರೂ ಆ ಕೂಗಿಗೆ ಅವಳ ಕಾಲು ತಾನಾಗಿ ಓಡುತ್ತಿತ್ತು.

ಹೀಗಿರುವಾಗ ಹೆದ್ದಾರಿಯವರ ಹೊಸ ಯೋಜನೆ ಬಂತು. ವಾಹನಗಳು ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ ಕ್ರಾಸಿನಲ್ಲಿ ಉಸಿರು ಕಟ್ಟುವ ಪರಿಸ್ಥಿತಿ. ಡಿವೈಡರ್ ಮುಚ್ಚಿ, ಹೆದ್ದಾರಿಯನ್ನು ಎತ್ತರಿಸಿ, ಅಡಿಯಲ್ಲಿ ಅಂಡರ್‌ಪಾಸ್, ಎರಡೂ ಬದಿಗೆ ಸರ್ವಿಸ್ ರಸ್ತೆ ಮಾಡುತ್ತಾರಂತೆ. ಸುದ್ದಿ ಕೇಳಿ ಕುಷ್ಟಣ್ಣನಿಗೆ ಒಂದೇ ಚಿಂತೆ. ಬಸ್ಸುಗಳು ಮೇಲಿನಿಂದಲೇ ಹಾರಿಹೋದರೆ?

"ಬಸ್ಸೇ ನಿಲ್ಲದಿದ್ರೆ ಏಜೆಂಟ್ ಎಂತಕ್ಕೆ ಮಾರಾಯ್ತಿ?" ಎಂದು ಹೆಂಡತಿ ಸುಗುಣಳ ಮುಂದೆ ಗೋಳಾಡಿದ.

"ಮನಿಯಂಗೆ ಕೂಕಂಡ್ ಕೂಗಿ. ಅಂಗಳದ ಕಾಕಿಯಾರೂ ಹಾರಿ ಹೋತ್ತೊ" ಎಂದಳು ಸುಗುಣ. ಗಂಡನ ಮುಖ ನೋಡಿ ಪಾಪವೆನಿಸಿ, "ಹೆದ್ದಾರಿಯವ್ರ ಸಭೆ ಇತ್ತಂಬ್ರಲೆ, ಅಲ್ಲಿ ಹೋಯಿ ಹೇಳಿ" ಎಂದೂ ಸೇರಿಸಿದಳು.

ಸಭೆ ನಡೆದದ್ದು ಹಾಲಿನ ಸೊಸೈಟಿಯ ಮಾಳಿಗೆಯಲ್ಲಿ. ಬಂದ ಎಂಜಿನಿಯರ್ ರಮಿತಾ ಯಡ್ತರೆಯ ಹುಡುಗಿ, ಊರಿನ ಮಾತನ್ನೇ ಆಡುವವಳು. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ನೀರು ನಿಂತರೇನು ಗತಿ ಎಂದು ಒಬ್ಬರು ಕೇಳಿದರು, ಅವಳು ನೀರು ಹರಿದುಹೋಗುವ ತೋಡಿನ ನಕ್ಷೆ ಬಿಡಿಸಿ ತೋರಿಸಿದಳು. ತನ್ನ ಅಂಗಡಿಯ ಎದುರು ಗೋಡೆ ಎದ್ದರೆ ಗಿರಾಕಿ ಎಲ್ಲಿಂದ ಬರಬೇಕೆಂದು ಭೋಜರಾಜ ಹಾರಾಡಿದ, ಅವನಿಗೂ ತಾಳ್ಮೆಯಿಂದ ಉತ್ತರ ಕೊಟ್ಟಳು. ಕಡೆಗೆ ಎಲ್ಲರೂ ಸೇರಿ ಕುಷ್ಟಣ್ಣನನ್ನು ಮೈಕಿನ ಎದುರಿಗೆ ದೂಡಿದರು. ಹೊರಗೆ ನಿಂತವರಿಗೂ ಕೇಳಲೆಂದು ಅಂಗಳದ ತೆಂಗಿನ ಮರಕ್ಕೆ ಒಂದು ಸ್ಪೀಕರ್ ಕಟ್ಟಿದ್ದರು.

ಜೀವಮಾನವಿಡೀ ಕೂಗಿದ ಮನುಷ್ಯನಿಗೆ ಮೈಕ್ ಸಿಕ್ಕಿದ್ದೇ ನಾಲಿಗೆ ಒಣಗಿತು. "ಅದ್... ನಾವ್... ಎಂತ ಅಂದ್ರೆ..." ಎಂದು ಬೆವರುತ್ತಿದ್ದಾಗ ಬಡಗಿನಿಂದ ಡ್ರೈವರ್ ರಕ್ಷಿತನ ಉಡುಪಿ ಬಸ್ಸಿನ ಹಾರನ್ ಕೇಳಿಸಿತು. ಕುಷ್ಟಣ್ಣನ ಬೆನ್ನು ನೆಟ್ಟಗಾಯಿತು.

"ಬ್ರಹ್ಮಾವರ, ಉಡ್ಪಿ ಉಡ್ಪಿ ಉಡ್ಪಿ! ಓಡಿ, ಬಸ್ ಬಂತ್!"

ಮೈಕಿನಲ್ಲಿ ಆ ಕೂಗು ಹೊಳೆಯಾಚೆಗೂ ಹೋಗಿರಬೇಕು. ಅರ್ಧ ಸಭೆ ಚೀಲ ಹಿಡಿದು ಎದ್ದಿತು. ಕುರ್ಚಿಗಳು ಉರುಳಿದವು. ಹೋಗಲು ಎಲ್ಲಿಗೂ ಇಲ್ಲದ ಭೋಜರಾಜನೂ ಬಾಗಿಲ ತನಕ ಓಡಿ, ಅಲ್ಲಿ ನೆನಪಾಗಿ ಪೆಚ್ಚು ಪೆಚ್ಚಾಗಿ ನಿಂತ. ರಮಿತಾ ಮೇಜಿಗೆ ತಲೆಯಿಟ್ಟು ನಗುತ್ತಿದ್ದಳು. ಕುಷ್ಟಣ್ಣನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಿಟಕಿಯ ಹೊರಗೆ ನೋಡಿದ.

ಕೆಳಗೆ ಊರೇ ಹೆದ್ದಾರಿಗೆ ಇಳಿದಿತ್ತು. ಅತ್ತಿತ್ತ ನೋಡುವವರು ಒಬ್ಬರೂ ಇಲ್ಲ, ಎಲ್ಲರ ಕಣ್ಣೂ ಬಸ್ಸಿನ ಮೇಲೆ. ಬಸಳೆ ಹೊತ್ತ ಗುಲಾಬಕ್ಕ ಕುಂಟುತ್ತ ಓಡುತ್ತಿದ್ದಳು. ತೆಂಕಿನಿಂದ ಬಂದ ಲಾರಿ ಕಿರ್ರೆಂದು ಬ್ರೇಕ್ ಹಾಕಿ, ಕೈಚಾಚಿದರೆ ಮುಟ್ಟುವಷ್ಟು ದೂರದಲ್ಲಿ ನಿಂತಿತು. ಅವಳು ಲಾರಿಯತ್ತ ತಿರುಗಿಯೂ ನೋಡದೆ ಬಸ್ಸು ಹತ್ತಿದಳು. ಯಾರಿಗೂ ಏನೂ ಆಗಲಿಲ್ಲ.

ಕುಷ್ಟಣ್ಣನ ನಗು ಮಾತ್ರ ಅಲ್ಲೇ ನಿಂತಿತು. ಇಷ್ಟು ವರ್ಷ ಅವನು ನೋಡಿದ್ದು ಬಸ್ಸನ್ನು. ಬೆನ್ನ ಹಿಂದೆ ಜನ ಹೇಗೆ ಬರುತ್ತಾರೆಂದು ನೋಡಿರಲೇ ಇಲ್ಲ. ಅವನು ಮತ್ತೆ ಮೈಕ್ ಹಿಡಿದ.

"ಮೇಡಂ, ಆ ಡಿವೈಡರ್ ಮುಚ್ಚಿಬಿಡಿ. ಅಡಿಯಂಗೆ ದಾರಿ ಮಾಡಿ. ನಂದ್ ಒಂದೇ ಮಾತ್, ಬಸ್ ಮಾತ್ರ ಕೆಳಗ್ ಬರ್ಕ್."

"ಬಸ್ ಸಲೀಸಾಯಿ ಇಳಿವ ಹಾಂಗೆ ದಾರಿ ಮಾಡೂದ್ ನನ್ ಕೆಲ್ಸ" ಎಂದಳು ರಮಿತಾ. "ಡ್ರೈವರಿಗೆ ಇಳಿವ ಮನ್ಸ್ ಬಪ್ಪ ಹಾಂಗೆ ಮಾಡೂದ್ ನಿಮ್ ಕೆಲ್ಸ. ಆತ್ತಾ?"

"ಆತ್ತ್" ಎಂದುಬಿಟ್ಟ ಕುಷ್ಟಣ್ಣ.

ಹೇಳುವುದು ಸುಲಭ. ಕಾಮಗಾರಿಯ ಧೂಳು ಏಳುತ್ತಿದ್ದ ದಿನಗಳಲ್ಲಿ ಅವನು ಕುಂದಾಪುರದ ಬಸ್ ನಿಲ್ದಾಣಕ್ಕೆ ಹೋಗಿ ಡ್ರೈವರುಗಳನ್ನು ಕಾಡಿದ್ದೇ ಕಾಡಿದ್ದು.

"ಕೆಳಗ್ ಇಳ್ದ್ ಹತ್ರೆ ಟೈಮ್ ಹೋತ್ತ್ ಕುಷ್ಟಣ್ಣ" ಎಂದ ರಕ್ಷಿತ. "ಹಿಂದಿನ್ ಬಸ್ಸಿನವ ನನ್ನ ಹಿಂದ್ ಹಾಕಿ ಮುಂದ್ ಹೋತ."

"ಟೈಮ್ ಹೋಪ್ದ್ ಇಳ್ದದ್ದಕ್ಕಲ್ಲ ಮಾರಾಯ, ಓಡಿ ಬಪ್ಪವ್ರಿಗೆ ಕಾಯ್ದಕ್ಕೆ. ಟೋಲ್ ದಾಟುವತಿಗೆ ನಿನ್ ಕಂಡಕ್ಟರ್ ನಂಗೊಂದ್ ಮಿಸ್ ಕಾಲ್ ಕೊಡ್ಲಿ. ನೀ ಬಪ್ಪತಿಗೆ ಜನ ಸಾಲಂಗೆ ನಿಂತಿರ್ತ್ರ್."

"ನಿಮ್ಮೂರವ್ರಾ? ಸಾಲಂಗಾ?" ಎಂದು ರಕ್ಷಿತ ಹೊಟ್ಟೆ ಹಿಡಿದು ನಕ್ಕ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಸರ್ವಿಸ್ ರಸ್ತೆ ತೆರೆದ ಬೆಳಿಗ್ಗೆ ಕುಷ್ಟಣ್ಣ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಅಂಡರ್‌ಪಾಸಿನೊಳಗೆ ನಿಂತ. ಮೊದಲ ಬಸ್ಸು ಹಾರನ್ ಬಾರಿಸುತ್ತ ತಲೆಯ ಮೇಲಿಂದಲೇ ಹೋಯಿತು. ಅವನ ಮುಖ ಸಪ್ಪಗಾಯಿತು. ಇದನ್ನೇ ಕಾಯುತ್ತಿದ್ದವನಂತೆ ಭೋಜರಾಜ ಅಂಗಡಿಯಿಂದ ಕೆಮ್ಮಿದ. ಕುಷ್ಟಣ್ಣ ಅತ್ತ ನೋಡದೆ ಮೊಬೈಲನ್ನು ದಿಟ್ಟಿಸುತ್ತ ನಿಂತ.

ಮೊಬೈಲ್ ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಯಿತು. ರಕ್ಷಿತನ ಕಂಡಕ್ಟರ್!

"ಬ್ರಹ್ಮಾವರ, ಉಡ್ಪಿ ಉಡ್ಪಿ ಉಡ್ಪಿ! ನಿಧಾನ ಬನ್ನಿ, ಬಸ್ ಟೋಲಂಗ್ ಇತ್ತ್!"

ಅಂಡರ್‌ಪಾಸಿನ ಗೋಡೆಗಳು ಆ ಕೂಗನ್ನು ಹಿಡಿದು ಪಡುಬದಿಗೊಂದು, ಮೂಡುಬದಿಗೊಂದು ಎಸೆದವು. ತನ್ನ ಗಂಟಲಿಗೆ ಇಷ್ಟು ಗಾತ್ರ ಉಂಟೆಂದು ಕುಷ್ಟಣ್ಣನಿಗೇ ಗೊತ್ತಿರಲಿಲ್ಲ. ಖುಷಿಯಾಗಿ ಬೇಕಿಲ್ಲದಿದ್ದರೂ ಇನ್ನೊಮ್ಮೆ ಕೂಗಿದ. ಜನ ಬಂದರು. ಅಭ್ಯಾಸಬಲದಿಂದ ಒಂದಿಬ್ಬರು ಓಡಿಯೇ ಬಂದು, ಓಡಬೇಕಾದ ರಸ್ತೆಯೇ ಕಾಣದೆ ನಾಚಿಕೊಂಡರು. ಸಾಲು ಸ್ವಲ್ಪ ಡೊಂಕಾಗಿತ್ತು, ಆದರೆ ಸಾಲೇ ಹೌದು.

ರಕ್ಷಿತನ ಬಸ್ಸು ಹೆದ್ದಾರಿ ಬಿಟ್ಟು ಇಳಿದು ಬಂದು ಸಾಲಿನ ಎದುರಿಗೆ ನಿಂತಿತು. ಕುಷ್ಟಣ್ಣ ಬಸ್ಸಿಗೆ ಬೆನ್ನು ಹಾಕಿ ಜನರ ಕಡೆ ತಿರುಗಿ ನಿಂತಿದ್ದ. ಕೊನೆಯಲ್ಲಿ ಗುಲಾಬಕ್ಕ, ಬಸಳೆಯ ಕಟ್ಟು ಹೊತ್ತು, ಅಂಡರ್‌ಪಾಸಿನ ನೆರಳಿನಲ್ಲಿ ನಿಧಾನವಾಗಿ ನಡೆದು ಬಂದಳು. ಕಟ್ಟನ್ನು ಕಂಡಕ್ಟರನ ಕೈಗೆ ಕೊಟ್ಟು, ಮೆಟ್ಟಿಲು ಹತ್ತುವ ಮೊದಲು ಕುಷ್ಟಣ್ಣನನ್ನು ಕಣ್ತುಂಬ ನೋಡಿದಳು. ಏದುಸಿರು ಇರಲಿಲ್ಲ.

"ಹ್ವಾಯ್ ಕುಷ್ಟಾ, ನಿನ್ ಮೀಸಿ ಎಲ್ಲ ಬೆಳ್ಳಗಾಯ್ತಲ ಮಾರಾಯ! ಇಷ್ಟ್ ವರ್ಷ ಓಡುದ್ರಂಗೇ ಆಯ್ತ್, ನಿನ್ ಮುಖ ಸಮಾ ಕಂಡದ್ದ್ ಇವತ್ತೇ."

ಎಲ್ಲರೂ ಗೊಳ್ಳೆಂದು ನಕ್ಕರು. ಕುಷ್ಟಣ್ಣ ಮೀಸೆ ಮುಟ್ಟಿ ನೋಡಿಕೊಂಡ. ರೈಟ್ ಹೇಳುವುದು ಮರೆತೇಹೋಯಿತು. ಕಂಡಕ್ಟರನೇ "ರೈಟ್ ಪೋಯಿ" ಎಂದ, ಬಸ್ಸು ಹೊರಟಿತು.