ನಮ್ಮೂರ ಕಡಲಲ್ಲಿ ಸೂರ್ಯೋದಯ

ನಮ್ಮ ಕಡೆ ನೋಡುವಂಥದ್ದು ಏನೇನಿದೆ ಎಂದು ಪರವೂರಿನವರು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಬಾವಿಗಳು. ಇದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ. ಆದರೆ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಬಾವಿ ತೋಡಲು ಹಾರೆ ಹಿಡಿದವನು ನಾನು. ಭಟ್ಕಳದಿಂದ ಕುಮಟೆಯವರೆಗಿನ ಊರುಗಳನ್ನು ಉಳಿದವರೆಲ್ಲ ಮೇಲಿನಿಂದ ನೋಡಿದ್ದಾರೆ. ನಾನು ಕೆಳಗಿನಿಂದ ನೋಡಿದ್ದೇನೆ. ಆರು ಮಾರು ಆಳದಲ್ಲಿ ನಿಂತು ತಲೆಯೆತ್ತಿದರೆ ಯಾವ ಊರಿನ ಆಕಾಶವೂ ಒಂದು ಊಟದ ಹರಿವಾಣದಷ್ಟೇ. ಹಾಗಾಗಿ ಊರೂರಿಗೆ ಇರುವ ಭೇದ ನನಗೆ ಗೊತ್ತಾಗುವುದು ಮಣ್ಣಿನಿಂದ, ನೀರಿನ ರುಚಿಯಿಂದ.

ಮುರ್ಡೇಶ್ವರಕ್ಕೆ ಹೋದವರು ಗುಡ್ಡ ಹತ್ತಿ, ಕೈಮುಗಿದು, ಗಾಳಿ ತಿಂದು ಇಳಿದು ಬರುತ್ತಾರೆ. ಅಲೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಸಿಹಿನೀರು ಕೊಡುವ ಒಂದು ಬಾವಿ ಅಲ್ಲಿದೆ, ಅದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಕುಮಟೆಗೆ ಹೋದವರು ಗಂಧದ ಮರದಲ್ಲಿ ಕೆತ್ತಿದ ಆನೆ ನೋಡಿ ಬಾಯಿ ತೆರೆಯುತ್ತಾರೆ. ಆ ಆನೆಯ ಬೆನ್ನು ಎಷ್ಟು ನಯವೋ ಅಷ್ಟೇ ನಯವಾಗಿ ಚಿರೇಕಲ್ಲು ಕೂರಿಸಿದ ಬಾವಿ ಅದೇ ಪೇಟೆಯ ಹಿಂದೆ ಇದೆ. ಕೂರಿಸಿದವನು ಯಾರೆಂದು ನಾನು ಹೇಳಬಾರದು. ಭಟ್ಕಳದ ಮಲ್ಲಿಗೆಯನ್ನು ಮುಡಿಯುವವರು ಸಾವಿರ ಜನ. ಆ ಗಿಡಗಳಿಗೆ ಹೊಯ್ಯುವ ನೀರು ಕುಡಿದು ನೋಡಿದವನು ಬಹುಶಃ ನಾನೊಬ್ಬನೇ.

ಇನ್ನು ಸಮುದ್ರ. ಅದು ನೋಡುವ ವಸ್ತು ಎಂದು ನನಗೆ ಬಹಳ ಕಾಲ ತಿಳಿದೇ ಇರಲಿಲ್ಲ. ನನ್ನ ಕಸುಬಿಗೆ ಅದು ವೈರಿ. ಎಲ್ಲಿ ಒಂದು ಮೊಳ ಹೆಚ್ಚು ತೋಡಿದೆನೋ ಅಲ್ಲಿ ಉಪ್ಪು ಬೆರೆಸಿ ನನ್ನ ಮರ್ಯಾದೆ ಕಳೆಯಲು ಕಾದು ಕೂತಿರುತ್ತದೆ. ಹೊನ್ನಾವರದಿಂದ ಹೊಳೆಯಾಚೆ ಇರುವ ನಮ್ಮ ಪುಟ್ಟ ಊರಿಗೆ ಸಮುದ್ರದಿಂದ ಬೇರೊಂದು ಉಪಕಾರವಿತ್ತು. ಮರೆಮಾಚದೆ ಹೇಳುತ್ತೇನೆ. ಆ ಕಾಲದಲ್ಲಿ ನಮ್ಮ ಯಾರ ಮನೆಯಲ್ಲೂ ಪಾಯಿಖಾನೆ ಇರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಊರಿನ ಗಂಡಸರೆಲ್ಲ ಬೇಲೆಯ ಮರಳಿನ ಮೇಲೆ, ನೀರಿನ ಅಂಚಿನಲ್ಲಿ, ಸಾಲಾಗಿ ಕೂರುತ್ತಿದ್ದರು. ಯಾರ ಜಾಗ ಯಾವುದು ಎಂಬುದು ಅಜ್ಜನ ಕಾಲದಿಂದ ಗೊತ್ತಾದ ವಿಷಯ. ಊರಿನ ಅರ್ಧ ವ್ಯವಹಾರ ಅಲ್ಲೇ ತೀರ್ಮಾನವಾಗುತ್ತಿತ್ತು. ಆಮೇಲೆ ಕಡಲಿನ ಭರತ ಏರಿ ಬಂದು ಎಲ್ಲವನ್ನೂ ತೊಳೆದು, ಸಂಜೆ ಗಾಳಿಗೆ ಬರುವವರಿಗಾಗಿ ಮರಳನ್ನು ಹೊಸ ಚಾಪೆಯಂತೆ ಹಾಸಿಡುತ್ತಿತ್ತು. ಆದ್ದರಿಂದ ನಮ್ಮೂರ ಕಡಲನ್ನು ನೋಡಬೇಕೆನ್ನುವವರಿಗೆ ನಾವು ಕೊಡುತ್ತಿದ್ದ ಸಲಹೆ ಒಂದೇ: ಸಂಜೆ ಬನ್ನಿ.

ಈ ಸಲಹೆಯನ್ನು ಕೊಡಲಾಗದ ಒಬ್ಬರು ಬಂದರು. ಅದೇ ನನ್ನ ಕಥೆ.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ನಾಲ್ಕಾರು ವರ್ಷವಾಗಿತ್ತು. ಶರಾವತಿಗೆ ಇನ್ನೂ ಸೇತುವೆ ಇರಲಿಲ್ಲ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ತಂಗಿ ನಾಗವೇಣಿ. ಅವಳಿಗೆ ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂತು. ಅವರೂ ಮೂಲದಲ್ಲಿ ನಮ್ಮ ಕಡೆಯವರೇ. ಹುಡುಗನ ಅಜ್ಜ ಘಟ್ಟ ಹತ್ತಿ ಹೋದವನು ಇಳಿದು ಬರಲಿಲ್ಲ. ತಂದೆಯಿಲ್ಲದ ಹುಡುಗನನ್ನು ಸಾಕಿದ ಸೋದರಮಾವ ಅಲ್ಲಿ ಶಾಲೆಯ ಮಾಸ್ತರು. ಅವರು ಬಂದು ಮನೆ ನೋಡಿ ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಹಿಂದೆ ಎರಡು ಕಡೆಯವರು ಊಹೂಂ ಅಂದು ಹೋಗಿದ್ದರು. ಮೂರನೆಯವರೂ ಹೋದರೆ ಊರಿನ ಬಾಯಿಗೆ ಕದ ಹಾಕುವುದು ನನ್ನಿಂದ ಸಾಧ್ಯವಿರಲಿಲ್ಲ.

"ಅಣ್ಣಾ, ಒಂದು ಮಾತು," ಎಂದಳು ನಾಗವೇಣಿ, ನಾನು ಅವರನ್ನು ಕರೆತರಲು ಹೊರಟಾಗ. "ಅವ್ರಿಗೆ ಬಾವಿ ಗೀವಿ ತೋರ್ಸುಕೆ ಹೋಗ್ಬೇಡ."

"ನಂಗೆ ಅಷ್ಟೂ ತಿಳೂದಿಲ್ವನೇ?" ಎಂದೆ.

ತೋರಿಸಿದೆ. ಹೊನ್ನಾವರದ ಬಸ್ಸು ನಿಲ್ಲುವಲ್ಲಿಂದ ದೋಣಿ ಹತ್ತುವ ಬಂದರಿನವರೆಗೆ ಮೂರು ಬಾವಿಗಳು ದಾರಿಗೇ ಅಡ್ಡ ಸಿಗುತ್ತವೆ, ನಾನೇನು ಮಾಡಲಿ? ಮಾಸ್ತರು ಮರ್ಯಾದಸ್ಥರು. ಉದ್ದ ಕೋಟು, ಕರಿ ಟೊಪ್ಪಿ, ಕಂಕುಳಲ್ಲಿ ಕೊಡೆ. ಮೂರಕ್ಕೂ ಬಗ್ಗಿ ನೋಡಿ ಮೂರು ಸಲವೂ "ಭಾಳ ಚಲೋ ಐತ್ರೀ" ಎಂದರು. ಮೂರನೆಯದರಲ್ಲಿ ಟೊಪ್ಪಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಹೊಳೆಯ ನಟ್ಟನಡುವೆ, ಹತ್ತು ಜನ ಕೂತ ದೋಣಿಯಲ್ಲಿ, ಅವರು ಎದೆಯುಬ್ಬಿಸಿ ಹೇಳಿದರು: "ನಾ ಇನ್ನೂ ಸಮುದ್ರ ನೋಡಿಲ್ರೀ. ನಾಳೆ ಮುಂಜಾನೆ ಸಮುದ್ರದಾಗಿಂದ ಸೂರ್ಯ ಏಳೋದು ನೋಡಬೇಕು. ಕ್ಯಾಲೆಂಡರದಾಗ ನೋಡೇನಿ, ಕೆಂಪಗ, ಅರ್ಧ ನೀರಾಗ, ಅರ್ಧ ಮ್ಯಾಲ. ಬಂದು ವರ್ಣನಾ ಮಾಡಿ ಹೇಳತೇನಿ ಅಂತ ನಮ್ಮ ಸಾಲಿ ಹುಡುಗರಿಗೆ ಮಾತು ಕೊಟ್ಟೇನಿ."

ಹುಟ್ಟು ಹಾಕುವವನು ನನ್ನ ಮುಖ ನೋಡಿದ. ಪಶ್ಚಿಮ ಸಮುದ್ರದಲ್ಲಿ ಸೂರ್ಯ ಮುಳುಗುತ್ತಾನೆಯೇ ಹೊರತು ಏಳುವುದಿಲ್ಲ ಎಂದು ಅಲ್ಲಿ ಬುಟ್ಟಿ ಹಿಡಿದು ಕೂತ ಮೀನಿನ ಹೆಂಗಸಿಗೂ ಗೊತ್ತು. ಮಾಸ್ತರು ಕಲಿಸುವುದು ಭೂಗೋಳ. ನಕಾಶೆಯಲ್ಲಿ ಅರಬ್ಬೀ ಸಮುದ್ರ ಎಡಗಡೆ ಇದೆ ಎಂದು ಅವರು ಸಾವಿರ ಸಲ ಕೋಲಿಟ್ಟು ತೋರಿಸಿರಬೇಕು. ಆದರೆ ಶಾಲೆಯ ಗೋಡೆಯ ಎಡಗಡೆ ಬೇರೆ, ದೇವಿಮನೆ ಘಟ್ಟದ ಅಷ್ಟೂ ಸುತ್ತು ಸುತ್ತಿ, ಕತಗಾಲದಲ್ಲಿ ಇಳಿದು ವಾಂತಿ ಮಾಡಿ ಬಂದವರ ಎಡಗಡೆ ಬೇರೆ. ನನಗೂ ಬಾವಿಯೊಳಗೆ ಹಗ್ಗ ತಿರುಚಿಕೊಂಡಾಗ ದಿಕ್ಕು ತಪ್ಪಿದ್ದುಂಟು. ದಿಕ್ಕು ತಪ್ಪುವುದು ವಿದ್ಯೆ ಇಲ್ಲದವರ ಸೊತ್ತೇನೂ ಅಲ್ಲ.

ಹೇಳಬಹುದಿತ್ತು. ಆದರೆ ಗಂಡಿನ ಕಡೆಯ ಹಿರಿಯರು, ಅದೂ ಭೂಗೋಳದ ಮಾಸ್ತರು. ಅವರಿಗೆ ಹತ್ತು ಜನರೆದುರು ನಾಲ್ಕನೇ ಇಯತ್ತೆಯವನು ಸೂರ್ಯನ ದಿಕ್ಕು ಹೇಳಿಕೊಡುವುದೇ? ನನ್ನ ಬಾಯಿಂದ ಬಂದದ್ದು, "ಆತು ಮಾಸ್ತರೇ, ನೋಡುವಾ."

ಮನೆಯಲ್ಲಿ ನಾಗವೇಣಿ ಇದನ್ನು ಕೇಳಿ ಸೌಟು ಕೆಳಗಿಟ್ಟಳು. "ಈಗ್ಲೇ ಹೇಳು ಮಾರಾಯಾ. ನೀ ಹೇಳದಿದ್ರೆ ನಾ ಹೇಳ್ತೆ."

"ಬಾಯಿ ಮುಚ್ಚು. ನಿನ್ನ ಮದುವೆ ಅದು."

"ಮದುವೆ ನಂದಾದ್ರೆ ಸೂರ್ಯ ದಿಕ್ಕು ಬದ್ಲಿಸ್ತ್ನಾ?"

ಸೂರ್ಯನ ವಿಷಯ ದೇವರಿಗೆ ಬಿಟ್ಟದ್ದು. ಬೇಲೆಯ ವಿಷಯ ನನಗೆ ಬಿಟ್ಟದ್ದು. ಬೆಳಗಿನ ಆ ಹೊತ್ತಿನಲ್ಲಿ ಅಲ್ಲಿ ಸಾಲಾಗಿ ಕೂತಿರುವ ನಮ್ಮ ಊರಿನ ಗಣ್ಯರನ್ನು ಮಾಸ್ತರು ನೋಡಿದರೆ ಶಾಲೆಯ ಹುಡುಗರಿಗೆ ಏನೆಂದು ವರ್ಣನೆ ಮಾಡಿಯಾರು? ಮಾಸ್ತರನ್ನು ಜಗಲಿಯಲ್ಲಿ ಕೂರಿಸಿ, ಸಂಜೆ ಮನೆಮನೆಗೆ ಹೋದೆ. ದೇಶದ ಮಂತ್ರಿಗಳು ಎಂತೆಂಥ ರಾಯಭಾರಗಳನ್ನು ಮಾಡುತ್ತಾರೋ ನಾನರಿಯೆ, ಆದರೆ ನನ್ನಂಥದ್ದನ್ನು ಮಾಡಿರಲಾರರು. "ನಾಳೆ ಒಂದು ದಿನ, ಸೂರ್ಯ ಬರುವವರೆಗೆ, ಬೇಲೆಗೆ ಇಳಿಯಬೇಡಿ" ಎಂಬ ಬೇಡಿಕೆಯನ್ನು ಯಾವ ಗಾಂಭೀರ್ಯದಿಂದ ಮುಂದಿಡಬೇಕು, ಹೇಳಿ.

ಊರಿಗೆ ಹಿರಿಯ ತಿಮ್ಮಜ್ಜ. ಎಪ್ಪತ್ತು ದಾಟಿದ ಮೀನುಗಾರ, ಸಾಲಿನಲ್ಲಿ ಮೊದಲ ಜಾಗ ಅವನದು.

"ಎಂತ ಹೇಳ್ತೆ ಮಂಜಾ? ಎಪ್ಪತ್ತು ವರ್ಷದಲ್ಲಿ ನಂಗೆ ಒಂದಿನ ತಪ್ಪಿದ್ದಿಲ್ಲ."

"ತಪ್ಸೂದು ಬೇಡ ಅಜ್ಜಾ. ಒಂದ್ ಗಳಿಗೆ ತಡ್ಕಂಡ್ರೆ ಆತು."

"ಅದೆಂತ ನನ್ನ ಕೈಲಿ ಅದ್ಯನಾ?" ಎಂದ ತಿಮ್ಮಜ್ಜ. ಕೊನೆಗೆ, ಬೇಸಿಗೆಯಲ್ಲಿ ಅವನ ಬಾವಿಯ ಹೂಳು ಪುಕ್ಕಟೆ ತೆಗೆದುಕೊಡುವುದೆಂದು ಮಾತಾಯಿತು. ಇದು ತಿಳಿದದ್ದೇ ಉಳಿದವರೂ ತಮ್ಮ ಕಷ್ಟ ಹೇಳಿಕೊಂಡರು. ಹನ್ನೊಂದು ಬಾವಿಗೆ ಒಪ್ಪಂದವಾಯಿತು.

ಬೆಳಗಾಯಿತು. ಬೇಲೆಯ ಮೇಲೆ ನರಪಿಳ್ಳೆ ಇಲ್ಲ. ನನ್ನ ಊರನ್ನು ನಾನೇ ಅಷ್ಟು ಚೆಂದವಾಗಿ ಎಂದೂ ಕಂಡಿರಲಿಲ್ಲ. ಮಾಸ್ತರು ಕೋಟು ಟೊಪ್ಪಿ ಹಾಕಿಕೊಂಡು, ಕೊಡೆಯನ್ನು ಮರಳಿಗೆ ಊರಿ, ಸಮುದ್ರಕ್ಕೆ ಮುಖಮಾಡಿ ನಿಂತರು. ನಾನು ಅವರ ಪಕ್ಕದಲ್ಲಿ, ಪರೀಕ್ಷೆಯ ಹುಡುಗನಂತೆ. ಹಿಂದೆ, ಗಾಳಿಮರದ ತೋಪಿನಲ್ಲಿ, ಊರಿಗೆ ಊರೇ ಮಾತು ಉಳಿಸಿಕೊಂಡು ನಿಂತಿತ್ತು. ಕೆಲವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು.

ಆಕಾಶ ಬೆಳ್ಳಗಾಯಿತು. ನೀರು ಮಿನುಗಿತು. ಮಾಸ್ತರು ಕಣ್ಣು ಕಿರಿದು ಮಾಡಿದರು.

"ಇನ್ನೇನು ಬಂದನ್ರೀ."

ಬರಲಿಲ್ಲ. ತೋಪಿನಲ್ಲಿ ಯಾರೋ ಕೆಮ್ಮಿದರು.

"ಸಮುದ್ರ ದೊಡ್ಡದಲ್ರೀ," ಎಂದರು ಮಾಸ್ತರು ಸಮಾಧಾನದಿಂದ. "ಅಷ್ಟೂ ದಾಟಿ ಬರಬೇಕು. ತಡ ಆಗತೈತಿ."

ಅಷ್ಟರಲ್ಲಿ ನನ್ನ ಕುತ್ತಿಗೆಗೆ ಬಿಸಿ ತಾಗಿತು. ಪೂರ್ವದ ಘಟ್ಟದ ಮೇಲೆ ಸೂರ್ಯ ತನ್ನ ಪಾಡಿಗೆ ಎದ್ದಿದ್ದ. ಮಾಸ್ತರ ನೆರಳು ಅವರ ಕಾಲ ಬುಡದಿಂದ ಹೊರಟು, ಮರಳು ದಾಟಿ, ಟೊಪ್ಪಿಯ ಸಮೇತ ಸಮುದ್ರದಲ್ಲಿ ಬಿದ್ದು ತೇಲುತ್ತಿತ್ತು. ಅವರು ಅದರ ಮೇಲೆಯೇ ಕಣ್ಣು ನೆಟ್ಟು ಸೂರ್ಯನಿಗಾಗಿ ಕಾಯುತ್ತಿದ್ದರು. ಈಗಲಾದರೂ ಹೇಳೋಣವೆಂದು ನಾನು ಬಾಯಿ ತೆರೆದೆ; ಮುಚ್ಚಿದೆ; ಮತ್ತೆ ತೆರೆದೆ. ಆಗ ತೋಪಿನಿಂದ ತಿಮ್ಮಜ್ಜನ ಕೂಗು ಕೇಳಿತು.

"ಹೋಯ್ ಮಾಸ್ತರೇ! ಹಿಂದೆ ತಿರುಗಿ ನೋಡಿ! ನಿಮ್ಮ ಸೂರ್ಯ ಬಂದು ಒಂದು ಮಾರು ಮೇಲೆ ಹೋದ! ಇನ್ನು ನಮ್ಮ ಕೈಲಿ ಆಗೂದಿಲ್ಲ, ಜಾಗ ಬಿಡಿ!"

ಮಾಸ್ತರು ತಿರುಗಿದರು. ಕಂಡದ್ದು ಸೂರ್ಯ ಮಾತ್ರವಲ್ಲ. ಅವನ ಕೆಳಗೆ ಪಂಚೆ ಎತ್ತಿಕೊಂಡು ನಮ್ಮ ಕಡೆಗೇ ಓಡಿ ಬರುತ್ತಿದ್ದ ಇಪ್ಪತ್ತೈದು ಮೂವತ್ತು ಗಂಡಸರು. ಅವರು ನಮ್ಮ ಎಡಕ್ಕೂ ಬಲಕ್ಕೂ ಸರಿದು ತಂತಮ್ಮ ಜಾಗ ಹಿಡಿದರು. ವಿಶೇಷ ವಿವರಣೆ ಬೇಕಾಗಲಿಲ್ಲ.

ಮಾಸ್ತರು ಸೀದಾ ಮನೆಗೆ ನಡೆದರು. ಜಗಲಿಯಲ್ಲಿ ಕೂತು, ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಎದುರಿಗಿಟ್ಟ ದೋಸೆ ಆರುತ್ತಿತ್ತು.

"ನಿಮಗ ನಿನ್ನೇನ ಗೊತ್ತಿತ್ತೇನ್ರೀ?"

"ಗೊತ್ತಿತ್ತು ಮಾಸ್ತರೇ."

"ಮತ್ಯಾಕ ಹೇಳಲಿಲ್ಲ?"

"ನೀವು ಗಂಡಿನ ಕಡೆಯವ್ರು..."

"ಗಂಡಿನ ಕಡ್ಯಾವರಿಗೆ ಸೂರ್ಯ ಬ್ಯಾರೆ ಕಡೆ ಹುಟ್ಟತಾನೇನು?" ಎಂದರು. ದನಿ ಏರಿರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ನನ್ನ ಮಾನ ಉಳಸಾಕ ಇಡೀ ಊರನ್ನ ತಡದು ನಿಲ್ಲಿಸಿದ್ರಿ. ದೊಡ್ಡ ಮಾತು, ಒಪ್ಪತೇನಿ. ಆದ್ರ ಈಗ ನನಗ ಒಂದು ಚಿಂತಿ ಹತ್ತೇತಿ. ಹುಡುಗಿ ಬಗ್ಗೆ ನೀವು ಪತ್ರದಾಗ ಬರದ್ರಲ್ಲಾ, ಅದರಾಗ ಖರೆ ಎಷ್ಟು, ಮರ್ಯಾದಿ ಎಷ್ಟು?"

ಎಷ್ಟು ಮಾರು ತೋಡಿದರೂ ನೀರು ಕಾಣದ ಬಾವಿಯಲ್ಲಿ ನಿಂತ ಹಾಗಾಯಿತು. ಮೂರನೆಯ ಸಂಬಂಧವೂ ಹೋಯಿತು ಎಂದುಕೊಂಡೆ. ಆಗ ನಾಗವೇಣಿ ಒಳಗಿನಿಂದ ಬಂದು ಬಾಗಿಲ ದಾರಂದಕ್ಕೆ ಒರಗಿ ನಿಂತಳು.

"ನಾ ಹೇಳ್ತೆ ಕೇಳಿ ಮಾಸ್ತರೇ. ಅಣ್ಣ ಏಳನೇ ಇಯತ್ತೆ ಅಂತ ಬರ್ದ. ನಾ ಆರಕ್ಕೇ ಬಿಟ್ಟದ್ದು. ಹೊಲಿಗೆ ಬತ್ತದೆ ಅಂತ ಬರ್ದ. ಗುಂಡಿ ಹಾಕೂಕೆ ಬತ್ತದೆ, ಅಷ್ಟೇ. ಮೆತ್ತಗಿನ ಸ್ವಭಾವ ಅಂತ ಬರ್ದ. ಅದೊಂದು ನೀವೇ ನೋಡ್ತಾ ಇದ್ರಿ. ಅಡುಗೆ ಮಾತ್ರ ಅವ್ನು ಬರ್ದದ್ದಕ್ಕಿಂತ ಚೆಂದ ಮಾಡ್ತೆ. ಸೂರ್ಯಂದು ನಿನ್ನೇನೇ ಹೇಳ್ತೆ ಅಂದೆ, ಬಾಯಿ ಮುಚ್ಚಿಸ್ದ. ದೋಸೆ ಆರ್ತು, ತಿನ್ನಿ."

ನಾನು ನೆಲ ನೋಡಿದೆ. ಮಾಸ್ತರು ದೋಸೆಯ ಒಂದು ತುಂಡು ಮುರಿದು ಬಾಯಿಗಿಟ್ಟರು. ಇನ್ನೊಂದು ತುಂಡು ಮುರಿದರು. ಆಮೇಲೆ ಅವರ ಭುಜ ಕುಣಿಯತೊಡಗಿತು. ನಗು ಹೊರಬಂದಾಗ ತೊಡೆಯ ಮೇಲಿದ್ದ ಟೊಪ್ಪಿ ಕೆಳಗೆ ಬಿತ್ತು.

"ಹಂಗಾದ್ರ ನಾನೂ ಹೇಳಬೇಕಾತು," ಎಂದರು ಕಣ್ಣೊರೆಸಿಕೊಂಡು. "ಹುಡುಗ ಕಂಪೌಂಡರ್ ಅಂತ ಬರದಿದ್ನಲ್ರೀ. ಇನ್ನೂ ಆಗಿಲ್ಲ. ಸದ್ಯ ದವಾಖಾನ್ಯಾಗ ಬಾಟ್ಲಿ ತೊಳೀತಾನ. ಮೂರು ವರ್ಷದಾಗ ಒಂದೂ ಒಡದಿಲ್ಲ, ಅದು ಖರೆ."

"ಒಡೀದಿದ್ರೆ ಆತು," ಎಂದಳು ನಾಗವೇಣಿ, ಒಳಗೆ ಹೋಗುತ್ತ.

ಮದುವೆ ಮಾತು ಅಲ್ಲಿಗೆ ಮುಗಿಯಿತು. ಸುಳ್ಳಿನಿಂದ ನಾನು ಕಟ್ಟಲು ಹೊರಟದ್ದನ್ನು ಅವಳು ಒಂದು ದೋಸೆ ಆರುವಷ್ಟರಲ್ಲಿ ಕೆಡವಿ, ಗಟ್ಟಿ ನೆಲ ಸಿಕ್ಕಿದ ಮೇಲೆ ಕಟ್ಟಿಸಿದಳು. ನನ್ನ ಕಸುಬಿನಲ್ಲಿ ಇದನ್ನು ನಾನೇ ದಿನವೂ ಮಾಡುವವನು. ಮಣ್ಣಿನ ವಿಷಯದಲ್ಲಿ ತಿಳಿದದ್ದು ಮನುಷ್ಯರ ವಿಷಯದಲ್ಲಿ ತಿಳಿಯಲು ತಂಗಿ ಬೇಕಾಯಿತು.

ಆ ವರ್ಷ ದೀಪಾವಳಿಗೆ ಮಗಳು-ಅಳಿಯನ ಹಾಗೆ ತಂಗಿ, ತಂಗಿಯ ಗಂಡ ಬಂದರು, ಜೊತೆಗೆ ಮಾಸ್ತರೂ ಬಂದರು. ಸಂಜೆ ಬೇಲೆಗೆ ಹೋಗಿ, ಸೂರ್ಯ ಮುಳುಗುವುದನ್ನು ಕೊನೆಯ ಕೆಂಪಿನವರೆಗೂ ನೋಡಿ, ಕ್ಯಾಲೆಂಡರಿನವರು ಇದನ್ನೇ ನೋಡಿ ಮೋಸಹೋದದ್ದು ಎಂದು ತೀರ್ಪು ಕೊಟ್ಟರು. ಮಾರನೆಯ ದಿನ ಬೆಳಗ್ಗೆ ನಾನೆದ್ದಾಗ ಅವರ ಚಾಪೆ ಖಾಲಿ. ಕೋಟು, ಟೊಪ್ಪಿ ಗೂಟದ ಮೇಲೆಯೇ ಇದ್ದವು. ಗಾಬರಿಯಾಗಿ ಗಾಳಿಮರದ ತೋಪಿನವರೆಗೆ ಹೋದೆ. ದೂರದಲ್ಲಿ, ನೀರಿನ ಅಂಚಿನ ಸಾಲಿನಲ್ಲಿ, ತಿಮ್ಮಜ್ಜನ ಪಕ್ಕದಲ್ಲಿ ಒಂದು ಹೊಸ ತಲೆ ಕಂಡಿತು. ಕೈ ಎತ್ತಿ, ಬೆರಳು ಚಾಚಿ, ಪೂರ್ವ ಯಾವುದು ಪಶ್ಚಿಮ ಯಾವುದು ಎಂದು ಅಜ್ಜನಿಗೆ ಭೂಗೋಳ ವಿವರಿಸುತ್ತಿದ್ದರು. ಅಜ್ಜ ತಲೆಯಾಡಿಸುತ್ತಿದ್ದ. ಘಟ್ಟದ ಮೇಲಿನವರು ನಮ್ಮವರಾದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ನಾನು ಹತ್ತಿರ ಹೋಗಲಿಲ್ಲ. ನಮ್ಮ ಕಡೆಯ ಕೆಲವು ಪ್ರೇಕ್ಷಣೀಯ ದೃಶ್ಯಗಳನ್ನು ದೂರದಿಂದಲೇ ನೋಡಿ ಹಿಂದಿರುಗುವುದು ಒಳ್ಳೆಯದು.